ಗಡಿಗೆಪ್ಪನ ಲಾರಿ ಸೋರುವುದು ನಿಂತ ದಿನ

ಯುಗಾದಿ ಕಳೆದು ಹನ್ನೆರಡನೆಯ ದಿನ, ಇನ್ನೂ ಮುಖಕ್ಕೆ ಮುಖ ಕಾಣದ ನಸುಕು. ದೊಡ್ಡ ಲಡಾಯಿ ನಡೆಯುತ್ತಿದ್ದ ಕಾಲ ಅದು. ದೇವದುರ್ಗದ ಹತ್ತಿ ಬಜಾರಿನಲ್ಲಿ ಗಡಿಗೆಪ್ಪ ಎದ್ದವನೇ ಮುಖ ತೊಳೆಯುವುದಕ್ಕೂ ಮೊದಲು ಲಾರಿಯ ಮೂತಿಯ ಕೆಳಗೆ ಕೈ ಹಾಕಿ ನೆಲ ಮುಟ್ಟಿ ನೋಡಿದ. ನೆಲ ಒದ್ದೆ. ಮಲಗುವಾಗ ಅಂಗೈಯಷ್ಟಿದ್ದದ್ದು ಏಳುವುದರೊಳಗೆ ಜೋಳದ ರೊಟ್ಟಿಯಷ್ಟಗಲ ಆಗಿತ್ತು. ಆ ದಿನದ ರಾಮಾಯಣಕ್ಕೆಲ್ಲ ಆ ಒಂದು ರೊಟ್ಟಿಯಗಲದ ಒದ್ದೆಯೇ ಕಾರಣ.

ಲಾರಿ ರಾಯಚೂರಿನ ಹತ್ತಿ ವ್ಯಾಪಾರಿ ಮಲ್ಲಯ್ಯ ಸಾಹುಕಾರರದು. ಸಿಕಂದರಾಬಾದಿನಲ್ಲಿ ಯಾರೋ ಓಡಿಸಿ ದಣಿಸಿ ಬಿಟ್ಟದ್ದನ್ನು ಅವರು ತಂದಿದ್ದರು. ಗಡಿಗೆಪ್ಪ ಒಂಬತ್ತು ವರ್ಷದಿಂದ ಅದರ ಡ್ರೈವರ್. ಅವನ ಹೆಂಡತಿ ಚನ್ನಮಲ್ಲಮ್ಮ ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದಳಂತೆ, ನನಗೆ ಜ್ವರ ಬಂದರೆ ಅವನಿಗೆ ಮೂರು ದಿನಕ್ಕೆ ಗೊತ್ತಾಗುತ್ತದೆ, ಲಾರಿಗೆ ಕೆಮ್ಮು ಬಂದರೆ ಅರ್ಧ ಹರದಾರಿ ಆಚೆಯಿಂದಲೇ ಗೊತ್ತಾಗುತ್ತದೆ ಎಂದು.

ಲಾರಿಯ ಮೂತಿಯ ಹಿಂದೆ ತಾಮ್ರ ಹಿತ್ತಾಳೆಯ ಜಾಲರಿಯೊಂದಿರುತ್ತದೆ, ರೇಡಿಯೇಟರ್ ಎಂದು ಅದರ ಹೆಸರು. ಅದರ ತುಂಬ ನೀರಿದ್ದರೆ ಇಂಜಿನ್ ತಣ್ಣಗೆ ಓಡುತ್ತದೆ, ಇಲ್ಲವಾದರೆ ಕಾದು ನಿಲ್ಲುತ್ತದೆ. ಈ ಲಾರಿ ಆರು ಊರಿನ ಆರು ಬಾವಿಯ ನೀರು ಕುಡಿದರೂ ಸಾಲದೆ, ಹಸಿದ ಎಮ್ಮೆಯ ಹಾಗೆ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಹಿಂದಿನ ಮೂರು ಸಲವೂ ಹತ್ತಿ ರಾಯಚೂರು ಮುಟ್ಟಿದ್ದು ಮರುದಿನ. ಮೂರನೆಯ ಸಲ ಸಾಹುಕಾರರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಗಡಿಗೆಪ್ಪನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಹಚ್ಚುತ್ತ ಅವರು ಹೇಳಿದ್ದು ಇಷ್ಟು: "ಮಂಗಳವಾರ ಹೊತ್ತು ಮುಣಗೂದ್ರಾಗ ಹತ್ತಿ ನನ್ನ ಅಂಗಳದಾಗ ಇಳೀಬೇಕು. ಗುಜರಿಯಾವ ಬಂದು ಕುಂತಿರ್ತಾನ. ಇಳೀಲಿಲ್ಲಂದ್ರ ಲಾರಿ ಅವನ ಪಾಲು, ನೀ ನಿನ್ನ ಮನಿ ಪಾಲು."

ಇದು ಆ ಮಂಗಳವಾರ.

ಹತ್ತಿ ತುಂಬಿದ ದೊಡ್ಡ ಗೋಣಿಯ ಅಂಡಿಗೆಗಳನ್ನು ಏರಿಸಿ ಆಗಿತ್ತು. ಮೂರು ಜನ ಕೂತು ಬರುವವರೂ ಸಿಕ್ಕಿದ್ದರು. ಒಬ್ಬರು ಅಲ್ಲಿನ ಸಾಲೆಯ ಮಾಸ್ತರರಾದ ಶೇಷಗಿರಿ ಆಚಾರ್ಯರು. ಲೋಕದಲ್ಲಿ ಅವರಿಗೆ ಗೊತ್ತಿಲ್ಲದ್ದು ಇರಬಹುದು, ಆದರೆ ಅದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಮಗ್ಗುಲಿಗೆ ಹೆಂಡತಿ ವೆಂಕೂಬಾಯಿ. ಲಕ್ಷಬತ್ತಿಯ ವ್ರತ ಹಿಡಿದು, ಎರಡು ವರ್ಷ ಕೂತು ಹೊಸೆದ ಲಕ್ಷ ಬತ್ತಿಗಳನ್ನು ಬುಟ್ಟಿಯಲ್ಲಿ ತುಂಬಿ, ಮಡಿವಸ್ತ್ರ ಮುಚ್ಚಿ, ಮರುದಿನ ರಾಯಚೂರಿನ ತಂಗಿಯ ಮನೆಯಲ್ಲಿ ದೇವರ ಮುಂದೆ ಹಚ್ಚಲು ಒಯ್ಯುತ್ತಿದ್ದರು. ಬುಟ್ಟಿಯನ್ನು ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮೂರನೆಯವರು ದಸ್ತಗೀರ ಸಾಹೇಬರು. ಬಡಕಲು ಮೈ, ಮೊಣಕೈಗೆ ತೇಪೆ ಹಾಕಿದ ಶೇರವಾನಿ, ಕೆಂಪು ಟೋಪಿ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಊರೂರು ತಿರುಗುವ ಸರ್ಕಾರಿ ಚಾಕರಿ ಎಂದಷ್ಟೇ ಹೇಳಿ ಅಂಡಿಗೆಗಳ ಮೇಲೆ ಹತ್ತಿ ಕೂತರು. ಇವರು ಸಿಡುಬಿನ ಸೂಜಿ ಹಾಕುವವರು ಎಂದು ಆಚಾರ್ಯರು ಹೆಂಡತಿಗೆ ತಿಳಿಸಿದರು.

ಮಲ್ಲಟ ಮುಟ್ಟುವುದರೊಳಗೆ ಲಾರಿ ಎರಡು ಸಲ ನಿಂತಿತು. ಮಲ್ಲಟದ ಬಾವಿಯ ಹತ್ತಿರ ಮೂರನೆಯ ಸಲ ನಿಂತಾಗ ಗಡಿಗೆಪ್ಪ ಕೂಡಲೇ ಕೊಡ ಕೈಗೆತ್ತಿಕೊಳ್ಳಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಲಾರಿಯನ್ನೇ ನೋಡಿದ. ನೀರು ಹಾಕುವುದು ಒಂಬತ್ತು ವರ್ಷದಿಂದ ನಡೆದಿದೆ, ಸೋರುವುದು ಎಲ್ಲಿ ಎಂದು ಕಾಣುವುದು ಇವತ್ತೇ ಆಗಬೇಕು ಎನ್ನಿಸಿತು.

ಸೋರುವ ಲಾರಿಯ ತೊಂದರೆ ಏನೆಂದರೆ, ನೀರು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಬೀಳುತ್ತದೆ. ಬಿದ್ದ ಕಡೆ ನೋಡಿದರೆ ಕಳ್ಳನನ್ನು ಬಿಟ್ಟು ಕಳುವಿನ ಮಾಲನ್ನು ಬಡಿದಂತೆ. ಗಡಿಗೆಪ್ಪ ಮೊದಲು ನೀರು ತುಂಬಿಸಿ, ಇಂಜಿನ್ನು, ಕೊಳವೆ, ಜಾಲರಿ ಎಲ್ಲವನ್ನೂ ಚಿಂದಿಯಿಂದ ಒರೆಸಿ ಒಣಗಿಸಿದ. ಆಮೇಲೆ ಸೊಂಟದ ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ಕುಟ್ಟಿ ಪುಡಿ ಮಾಡಿ, ಎಲ್ಲೆಡೆ ತೆಳ್ಳಗೆ ಉದುರಿಸಿದ. ಇದೇನೆಂದು ಮೇಲಿನಿಂದ ಸಾಹೇಬರು ಕೇಳಿದರು.

"ಹನಿ ಎಲ್ಲಿ ಹುಟ್ಟತದ, ಅಲ್ಲಿ ಬೂದಿ ಕಪ್ಪಾಗ್ತದರಿ ಸಾಹೇಬ್ರ," ಎಂದ ಗಡಿಗೆಪ್ಪ. "ಹಣಿಗೆ ಹಚ್ಚಿದ್ರ ನನ್ನ ಪಾಪ ಕಾಣಸ್ತದೋ ಇಲ್ಲೋ, ಇದರ ತೂತು ಕಾಣಸೂದು ಖರೆ."

ಸಾಹೇಬರು ಪೆಟ್ಟಿಗೆ ಅಲ್ಲೇ ಬಿಟ್ಟು ಕೆಳಗಿಳಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಆ ಕ್ಷಣದಿಂದ ರಾಯಚೂರಿನವರೆಗೆ ಅವರು ಗಡಿಗೆಪ್ಪನ ಕೈಯಿಂದ ಕಣ್ಣು ಕೀಳಲಿಲ್ಲ.

ಬೂದಿಯ ಮೇಲೆ ಒಂದು ಕಪ್ಪು ಗೆರೆ ಆಗತಾನೆ ಮೂಡುತ್ತಿತ್ತು. ಅಷ್ಟರಲ್ಲಿ ಮಲ್ಲಟದ ಮುದುಕಿ ಗೋಪಮ್ಮ ಹನುಮಪ್ಪನ ಗುಡಿಗೆಂದು ತೆಂಗಿನಕಾಯಿ ಹಿಡಿದು ಆ ದಾರಿಯಲ್ಲಿ ಬಂದಳು. ಲಾರಿಯ ಮೂತಿಯ ತುಂಬ ವಿಭೂತಿ, ಅದರ ಮುಂದೆ ಒಬ್ಬ ಮೊಣಕಾಲೂರಿದವ, ಒಬ್ಬ ಸಾಹೇಬ ಕೈಕಟ್ಟಿ ಕೂತವ. ಮುದುಕಿಗೆ ಇನ್ನೇನು ಬೇಕು. ಮುಂದೆ ಬಂದು, ಕಣ್ಣು ಮುಚ್ಚಿ, ಕಾಯಿಯನ್ನು ರೇಡಿಯೇಟರಿನ ಮುಂದಿನ ಕಬ್ಬಿಣದ ಪಟ್ಟಿಗೆ ಫಟ್ಟನೆ ಒಡೆದಳು. ಎಳೆಗಾಯಿ. ತುಂಬು ನೀರು ಗಡಿಗೆಪ್ಪ ಹುಡುಕುತ್ತಿದ್ದ ಜಾಗಕ್ಕೇ ಚಿಮ್ಮಿ, ಬೂದಿಯನ್ನೆಲ್ಲ ಕಲಸಿ ಕೆಳಗಿಳಿಯಿತು.

ಗಡಿಗೆಪ್ಪ ಮುಖದ ಮೇಲಿನ ನೀರು ಒರೆಸಿಕೊಂಡ. ಬಯ್ಯಬೇಕೆಂದು ಬಾಯಿ ತೆರೆದವನಿಗೆ ಗೋಪಮ್ಮ ಒಂದು ಹೋಳು ಕೊಟ್ಟು, "ತಗೋ ಯಪ್ಪಾ, ನಿನ್ನ ಬಂಡಿ ಇನ್ನ ನಿಲ್ಲೂದಿಲ್ಲ," ಎಂದಳು. ಬಾಯಿ ತೆರೆದದ್ದು ಕೊಬ್ಬರಿ ತಿನ್ನಲಿಕ್ಕಾಯಿತು. ಮತ್ತೆ ಒರೆಸಿದ, ಮತ್ತೆ ಒಣಗಿಸಿದ, ಮತ್ತೆ ವಿಭೂತಿ. ಈ ಸಲ ಗೆರೆ ಪೂರ್ತಿ ಮೂಡಿತು. ಕೆಳಗಿನ ರಬ್ಬರ್ ಕೊಳವೆ ಸೀಳಿತ್ತು. ಹಳೆಯ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ, ಮೇಲೆ ತಂತಿ ಬಿಗಿದ. ಅಂಗೈ ಊರಿ ನೋಡಿದರೆ ಕೊಳವೆ ಒಣಗಿದ ಕಟ್ಟಿಗೆಯಂತಿತ್ತು.

"ಸುಭಾನಲ್ಲಾ," ಎಂದರು ಸಾಹೇಬರು, ಮೆಲ್ಲಗೆ.

ಆದರೆ ಗಡಿಗೆಪ್ಪ ಗಾಡಿಯ ಕೆಳಗೆ ತಂತಿ ಬಿಗಿಯುತ್ತಿದ್ದಾಗ ಮೇಲೆ ಆಚಾರ್ಯರು ಸುಮ್ಮನಿರಲಿಲ್ಲ. ಗಾಯಕ್ಕೆ ಅರಿಷಿಣ ಹಚ್ಚುತ್ತಾರೆ, ಬಿರುಕಿಗೆ ಹಿಟ್ಟು ಮೆತ್ತುತ್ತಾರೆ, ಇದು ಶಾಸ್ತ್ರಕ್ಕೂ ಅನುಭವಕ್ಕೂ ಒಪ್ಪುವ ಮಾತು. ಹೆಂಡತಿಯ ಗಂಟಿನಿಂದ ಒಂದು ಸೇರು ಜೋಳದ ಹಿಟ್ಟು, ಒಂದು ಹಿಡಿ ಅರಿಷಿಣ ತೆಗೆದು ರೇಡಿಯೇಟರಿನ ಬಾಯಿಗೆ ಸುರಿದು, ಮುಚ್ಚಳ ತಿರುಗಿಸಿ, ಏನೂ ಅರಿಯದವರಂತೆ ಬಂದು ಕೂತಿದ್ದರು. ಒಳಗಿನಿಂದಲೇ ತೂತು ಮುಚ್ಚಿ, ಊರು ಮುಟ್ಟಿದ ಮೇಲೆ ಹೇಳಬೇಕೆಂದು ಅವರ ಮನಸ್ಸು.

ಮಾನ್ವಿ ಇನ್ನು ಮೂರು ಮೈಲಿ ಇರುವಾಗ ಲಾರಿ ಗಂಟಲಲ್ಲಿ ಏನೋ ಸಿಕ್ಕವರಂತೆ ಗೊರಗೊರ ಎಂದಿತು. ಗಡಿಗೆಪ್ಪ ನಿಲ್ಲಿಸಿ, ಗೋಣಿತಟ್ಟು ಹಿಡಿದು ಮುಚ್ಚಳ ಸಡಿಲಿಸಿದನೋ ಇಲ್ಲವೋ, ಒಳಗಿನಿಂದ ಹಳದಿ ಅಂಬಲಿ ಆಳೆತ್ತರ ಹಾರಿತು. ಏನಾಯಿತೆಂದು ನೋಡಲು ಇಳಿದು ಬಂದಿದ್ದ ಆಚಾರ್ಯರ ಬಿಳಿ ಧೋತರದ ಮೇಲೆ ಅರ್ಧ ಬಿತ್ತು. ಮದುವೆಯ ದಿನ ಅರಿಷಿಣ ಎಣ್ಣೆ ಹಚ್ಚಿಸಿಕೊಂಡಾಗಲೂ ಅವರು ಅಷ್ಟು ಹಳದಿ ಆಗಿರಲಿಕ್ಕಿಲ್ಲ.

"ಕುದ್ದದ," ಎಂದ ಗಡಿಗೆಪ್ಪ, ಬೆರಳಿಗೆ ಹತ್ತಿದ್ದನ್ನು ಮೂಸಿ. "ಉಪ್ಪು ಹಾಕಿಲ್ಲ ಯಾರೋ."

ವೆಂಕೂಬಾಯಿ ಗಂಡನ ಕಡೆ ನೋಡಿದರು, ಗಂಟಿನ ಕಡೆ ನೋಡಿದರು. "ನಾಳಿನ ನೈವೇದ್ಯದ ಹಿಟ್ಟು ಅದು," ಎಂದು ಅಷ್ಟೇ ಹೇಳಿದರು. ಆಚಾರ್ಯರು ಮಾನ್ವಿಯವರೆಗೆ ಬಾಯಿ ತೆರೆಯಲಿಲ್ಲ. ಮೂವತ್ತು ವರ್ಷದಲ್ಲಿ ಇದೇ ಮೊದಲು ಎಂದು ವೆಂಕೂಬಾಯಿ ಆಮೇಲೆ ತಂಗಿಗೆ ಹೇಳಿದರಂತೆ.

ಮಾನ್ವಿಗೆ ಹೇಗೋ ಬಂದು ಮುಟ್ಟಿದಾಗ ಹೊತ್ತು ನೆತ್ತಿಗೆ ಏರಿತ್ತು. ಅಂಬಲಿ ತೊಳೆಯಲು ಹನ್ನೆರಡು ಕೊಡ ನೀರು ಬೇಕಾಯಿತು. ತೊಳೆದದ್ದೂ ಒಳ್ಳೆಯದೇ ಆಯಿತು. ಹಿಟ್ಟು ಹೊರಬಂದು ಅಂಟಿದ್ದ ಕಡೆ ನೋಡಿದರೆ, ಜಾಲರಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಮೂರು ಕಡೆ ಇತ್ತು. ಎರಡನೆಯ ಕಳ್ಳನೂ ಸಿಕ್ಕ. ಅದನ್ನು ಬೆಸೆಯುವ ಮಿಸ್ತ್ರಿ ಮಾತ್ರ ರಾಯಚೂರಿನ ಈಚೆ ಇಲ್ಲ.

ಗಡಿಗೆಪ್ಪ ಸುತ್ತ ನೋಡಿದ. ಬೇವಿನ ಗಿಡದ ಕೆಳಗೆ ಮುನವ್ವರ್ ಬೀ ತಿದಿ ಊದುತ್ತ ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ಮಾನ್ವಿಯ ತಾಮ್ರದ ಹಂಡೆ, ಹಿತ್ತಾಳೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವಳು ಅವಳೇ. ಗಡಿಗೆಪ್ಪ ನಟ್ಟು ಬಿಚ್ಚಿ, ರೇಡಿಯೇಟರನ್ನು ಎದೆಗವಚಿಕೊಂಡು ಒಯ್ದು ಅವಳ ಮುಂದೆ ಇಟ್ಟ. ಸರದಿಯಲ್ಲಿ ಕೂತಿದ್ದ ಹೆಂಗಸರು, ನಮ್ಮ ಹಂಡೆ ಮೊದಲು ಬಂದದ್ದು, ಇದು ಯಾವ ಮನೆಯ ಇಡ್ಡಲಿ ಪಾತ್ರೆ ಎಂದು ಗುಲ್ಲು ಎಬ್ಬಿಸಿದರು.

ಬೀ ಅದನ್ನು ತಿರುವಿ ನೋಡಿದಳು. "ತಾಮ್ರ ಅದನೋ ಹಿತ್ತಾಳಿ ಅದನೋ, ಅಷ್ಟ ಹೇಳು. ಲಾರಿ ಅನ್ನೂದು ನನಗ ತಿಳಿಯೂದಿಲ್ಲ."

"ಎರಡೂ ಅದ, ಬೀ."

"ಹಂಗಿದ್ರ ನನ್ನ ಕೆಲಸಾನ ಅದು."

ಬಿರುಕನ್ನು ಹೊಳೆಯುವ ಹಾಗೆ ಕೆರೆದಳು. ನವಸಾಗರ ತಿಕ್ಕಿದಳು, ಬಿಳಿ ಹೊಗೆ ಎದ್ದಿತು. ಕೆಂಡದಲ್ಲಿ ಕಾಸಿದ ಕಬ್ಬಿಣದ ತುದಿಗೆ ತವರ ಹಿಡಿದು, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆದಳು. ತವರ ಬೆಳ್ಳಿಯ ದಾರದ ಹಾಗೆ ಬಿರುಕಿನೊಳಗೆ ಇಳಿದು ಕೂತಿತು. ಗುಲ್ಲು ಮಾಡುತ್ತಿದ್ದ ಹೆಂಗಸರು ತಮ್ಮ ಹಂಡೆ ಬಿಟ್ಟು ಬಂದು ಬಗ್ಗಿ ನೋಡಿದರು. ಮೂರೂ ಆದ ಮೇಲೆ ಕೊಳವೆಯ ಬಾಯಿಗಳಿಗೆ ಚಿಂದಿ ತುರುಕಿ, ನೀರು ತುಂಬಿಸಿ, ಬಿಸಿಲಿಗೆ ಕಾದಿದ್ದ ಬಂಡೆಯ ಮೇಲೆ ಅಂಚು ತಾಗಿಸಿ ನಿಲ್ಲಿಸಿದಳು. ಒಂದು ಹನಿ ಬಿದ್ದರೂ ಬಂಡೆ ಚುಂಯ್ ಎನ್ನಬೇಕು. ಎಲ್ಲರೂ ಕಿವಿಗೊಟ್ಟರು. ಬಂಡೆ ಏನೂ ಅನ್ನಲಿಲ್ಲ.

ಏನು ಕೊಡಲಿ ಎಂದು ಗಡಿಗೆಪ್ಪ ಕೇಳಿದಾಗ ಅವಳು, ಹೋಗುವಾಗ ಈ ಗಿಡದ ಮುಂದೆ ಹಾರ್ನು ಒತ್ತಿ ಹೋಗು, ನಾನು ಕಲಾಯಿ ಮಾಡಿದ ಪಾತ್ರೆ ಯಾವುದೂ ಇದುವರೆಗೆ ಕೂಗಿಲ್ಲ ಎಂದಳು. ಲಾರಿ ಗಿಡ ದಾಟುವಾಗ ಗಡಿಗೆಪ್ಪ ಮೂರು ಸಲ ಒತ್ತಿದ.

ಇನ್ನು ದಾರಿ ಸುಸೂತ್ರ ಎಂದುಕೊಂಡು ಒಂದು ಮೈಲಿ ಹೋಗಿ, ನಂಬಿಕೆ ಸಾಲದೆ ಇಳಿದು ನೋಡಿದರೆ, ಮತ್ತೆ ಹನಿ. ನಿಂತರೆ ಹನಿಯಿಲ್ಲ, ಇಂಜಿನ್ ತಿರುಗಿದರೆ ಮಾತ್ರ ಹನಿ. ಇದು ಮೂರನೆಯ ಕಳ್ಳ, ಬಲು ಶಾಣ್ಯಾ. ಗಡಿಗೆಪ್ಪನ ತಲೆ ಹೋಗದ ಸಂದಿಗೆ ಸಾಹೇಬರು ತಮ್ಮ ಗಡ್ಡ ನೋಡಿಕೊಳ್ಳುವ ಕನ್ನಡಿ ಹಿಡಿದು, ಬಿಸಿಲನ್ನು ಒಳಗೆ ಹಾಯಿಸಿದರು. ಕನ್ನಡಿಯಲ್ಲಿ ಕಂಡಿತು. ನೀರು ತಿರುಗಿಸುವ ಪಂಪಿನ ಅಚ್ಚಿನ ಸುತ್ತ ದಾರದ ಸುತ್ತು ಇರುತ್ತದೆ, ಅದು ಸವೆದು ಬೂದಿಯಾಗಿತ್ತು. ಅಲ್ಲಿಗೆ ಬಿಗಿಯಾಗಿ ಹೊಸೆದ ಹತ್ತಿಯ ಎಳೆ ಬೇಕು. ಒಂದೇ ಸಮನಾಗಿರಬೇಕು, ಗಂಟು ಇರಬಾರದು.

ಗಡಿಗೆಪ್ಪ ತಾನೇ ಹೊಸೆದು ನೋಡಿದ. ಅವನ ಬೆರಳಿಗೆ ಅದು ಒಂದು ಕಡೆ ಹಗ್ಗ, ಒಂದು ಕಡೆ ಕೂದಲು ಆಯಿತು. ಆಗ ಮೂವರ ಕಣ್ಣೂ ತಾವಾಗಿಯೇ ವೆಂಕೂಬಾಯಿಯವರ ಬುಟ್ಟಿಯ ಕಡೆ ಹೋದವು. ಬಾಯಿಯವರು ಬುಟ್ಟಿಯನ್ನು ಸೆರಗಿನಿಂದ ಮುಚ್ಚಿದರು.

"ಲಕ್ಷ ಅಂದ್ರ ಲಕ್ಷ. ಒಂದು ಕಡಿಮಿ ಆದ್ರೂ ವ್ರತ ಆಗೂದಿಲ್ಲ," ಎಂದರು.

"ಬ್ಯಾಡ್ರಿ ಬಾಯಾರ," ಎಂದ ಗಡಿಗೆಪ್ಪ. "ದೇವರದ್ದು ಕೇಳೂದಿಲ್ಲ ನಾ. ಹೊತ್ತು ಮುಣಗೂದ್ರಾಗ ಮುಟ್ಟಲಿಲ್ಲಂದ್ರ ಇದನ್ನ ಮುರೀತಾರ. ಒಂಬತ್ತು ವರ್ಷ ಅನ್ನ ಹಾಕೇದ. ಅಷ್ಟ."

ವೆಂಕೂಬಾಯಿ ಲಾರಿಯ ಮೂತಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು, ಅಲ್ಲಾಡಿಸಬೇಡಿ ಎಂದು ಎಚ್ಚರ ಹೇಳಿ, ಕೆಳಗಿಳಿದರು. ಜಾಲಿ ಗಿಡದ ನೆರಳಲ್ಲಿ ಕಾಲು ಚಾಚಿ ಕೂತು, ಅಂಡಿಗೆಯಿಂದ ಒಂದು ಹಿಡಿ ಹತ್ತಿ ತರಿಸಿದರು. ಬೀಜ ಬಿಡಿಸಿದರು, ಬೆರಳಿನಿಂದ ಹಿಂಜಿದರು, ತೊಡೆಯ ಮೇಲೆ ಅಂಗೈ ಒತ್ತಿ ಒಂದು ಸಲ ಮುಂದಕ್ಕೆ ಎಳೆದರು. ಮೊಳದುದ್ದದ ಬತ್ತಿ. ಇನ್ನೊಂದು, ಮತ್ತೊಂದು. ಒಂದನ್ನೊಂದು ಹೋಲುವುದರಲ್ಲಿ ಅವಳಿಜವಳಿ. ಎರಡು ವರ್ಷದ ಅಭ್ಯಾಸ ಕೈಯಲ್ಲಿತ್ತು, ಅದಕ್ಕೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಏಳು ಬತ್ತಿಯನ್ನು ಹರಳೆಣ್ಣೆಯಲ್ಲಿ ಅದ್ದಿ ಗಡಿಗೆಪ್ಪ ಅಚ್ಚಿನ ಸುತ್ತ ಸುತ್ತಿ, ನಟ್ಟು ಬಿಗಿದು, ಇಂಜಿನ್ ತಿರುಗಿಸಿದ. ಸಾಹೇಬರು ಕನ್ನಡಿ ಹಿಡಿದೇ ಇದ್ದರು. ಕನ್ನಡಿಯಲ್ಲಿ ಒಣ ಕಬ್ಬಿಣ ಬಿಟ್ಟು ಬೇರೇನೂ ಕಾಣಲಿಲ್ಲ.

ಕುರ್ಡಿಯಲ್ಲಿ ಲಾರಿಯ ಸದ್ದು ಕೇಳುತ್ತಲೇ ಎಂದಿನಂತೆ ನಾಲ್ಕು ಜನ ಕೊಡ ಹಿಡಿದು ರಸ್ತೆಗೆ ಬಂದು ನಿಂತಿದ್ದರು. ಲಾರಿ ನಿಲ್ಲಲಿಲ್ಲ. ಗಡಿಗೆಪ್ಪ ಕೈ ಬೀಸಿ ಮುಂದೆ ಹೋದ. ಕೊಡ ಹಿಡಿದವರು ಮದುವೆಯ ದಿಬ್ಬಣ ಮನೆ ದಾಟಿ ಹೋದದ್ದನ್ನು ನೋಡಿದ ಬೀಗರಂತೆ ನಿಂತೇ ಇದ್ದರು. ಒಬ್ಬ ಮಾತ್ರ ಓಡಿ ಬಂದು ಬ್ರೇಕು ಹೋಯಿತೇನು ಎಂದು ಕೇಳಿದ. ಸಾಹೇಬರು ಅಂಡಿಗೆಯ ಮೇಲಿನಿಂದ ಬಗ್ಗಿ, ಎಷ್ಟು ಮೈಲಿ ಆಯಿತು ಎಂದು ಮೇಲಿಂದ ಮೇಲೆ ಕೇಳುತ್ತಿದ್ದರು. ಗಡಿಗೆಪ್ಪ ಪ್ರತಿ ಸಲವೂ ಹೆಮ್ಮೆಯಿಂದ ಹೇಳಿದ.

ರಾಯಚೂರಿನ ಕೋಟೆ ಗುಡ್ಡದ ಮೇಲೆ ಹೊತ್ತು ಇನ್ನೂ ಒಂದು ಮಾರು ಇರುವಾಗಲೇ ಲಾರಿ ಮಲ್ಲಯ್ಯ ಸಾಹುಕಾರರ ಅಂಗಳಕ್ಕೆ ಬಂದು ನಿಂತಿತು. ಗುಜರಿಯವ ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದ. ಸಾಹುಕಾರರು ಬಗ್ಗಿ ಲಾರಿಯ ಮೂತಿಯ ಕೆಳಗಿನ ಧೂಳು ಮುಟ್ಟಿದರು. ಧೂಳು ಧೂಳಾಗಿಯೇ ಇತ್ತು. ಗುಜರಿಯವನನ್ನು ನೋಡಿ, ಚಹಾ ಮುಗಿಸಿ ಹೊರಡು ಎಂದರು. ಗಡಿಗೆಪ್ಪನ ಬೆನ್ನ ಮೇಲೆ ಕೈಯಿಟ್ಟು, ಈ ಲಾರಿ ಇರುವವರೆಗೆ ನೀನೇ ಡ್ರೈವರ್ ಎಂದರು. ಗಡಿಗೆಪ್ಪ ಧೋತರದ ಚುಂಗಿನಿಂದ ಬಾನೆಟ್ಟಿನ ಮೇಲಿನ ವಿಭೂತಿ ಒರೆಸಿದ.

ಆಗ ದಸ್ತಗೀರ ಸಾಹೇಬರು ಅಂಡಿಗೆಯಿಂದ ಇಳಿದು ಶೇರವಾನಿಗೆ ಅಂಟಿದ ಹತ್ತಿ ಕೊಡವಿಕೊಂಡರು. ಗಡಿಗೆಪ್ಪನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಗಡಿನ ಪೆಟ್ಟಿಗೆ ತೆರೆದರು. ಅದರಲ್ಲಿ ಸಿಡುಬಿನ ಸೂಜಿ ಇರಲಿಲ್ಲ. ಮೊಹರು ಹಾಕಿದ ಕಾಗದಗಳಿದ್ದವು.

"ಸಾಹುಕಾರ್ರ, ರೈತರ ಕಡಿಂದ ವಸೂಲ್ ಮಾಡಿದ ಲೆವಿ ಜೋಳ ಹೊರಾಕ ಸರ್ಕಾರಕ್ಕ ಗಟ್ಟಿ ಲಾರಿ ಬೇಕಾಗ್ಯಾವ. ಎಂಟು ದಿನ ತಿರುಗೀನಿ. ನಿಮ್ಮದನ್ನ ಮೊದಲ ದಿನಾನ ನಾಕಾರಾ, ಕೆಲಸಕ್ಕ ಬಾರದ್ದು ಅಂತ ಬರ್ಕೊಂಡಿದ್ದೆ. ಇದರಾಗ ಕುಂತದ್ದು ಬ್ಯಾರೆ ಗಾಡಿ ಇಲ್ಲಂತ." ಲೇಖನಿ ತೆಗೆದು ಆ ಮಾತಿನ ಮೇಲೆ ಗೆರೆ ಎಳೆದರು. "ಇಂಥಾ ಲಾರಿ, ಇಂಥಾ ಕೆಲಸ ನಾ ಎಲ್ಲೂ ನೋಡಿಲ್ಲ. ಇದನ್ನ ಬಿಟ್ಟು ಹೋದ್ರ ನನ್ನ ಚಾಕರಿಗೆ ನಾ ಬೇಇಮಾನ್ ಆಗ್ತೀನಿ."

ಲಡಾಯಿ ಮುಗಿಯುವವರೆಗೆ ಲಾರಿ ಸರ್ಕಾರದ್ದು. ಡ್ರೈವರ್? ಡ್ರೈವರು ಸರ್ಕಾರದವರೇ ಇದ್ದಾರೆ, ಲಾರಿಯೇ ಇಲ್ಲದೆ ಕೂತಿದ್ದಾರೆ ಎಂದರು ಸಾಹೇಬರು.

ಸಾಹುಕಾರರು ಗಡಿಗೆಪ್ಪನನ್ನು ಬಾನೆಟ್ಟಿನ ಹಿಂದಕ್ಕೆ ಕರೆದು ಕಿವಿಯಲ್ಲಿ ಹೇಳಿದರು: "ಒಂದು ತೂತು ಮಾಡೋ ನಮ್ಮಪ್ಪಾ. ಸಣ್ಣದು."

ಗಡಿಗೆಪ್ಪ ಮೊಳೆ ಹಿಡಿದು ಲಾರಿಯ ಕೆಳಗೆ ಹೋದ. ಜಾಲರಿಯ ಮೇಲೆ ಮೊಳೆ ಇಟ್ಟ. ಮುನವ್ವರ್ ಬೀ ಎಳೆದ ತವರದ ಗೆರೆ ಸಂಜೆಯ ಬೆಳಕಿಗೆ ಹೊಳೆಯುತ್ತಿತ್ತು. ಕೈ ಏಳಲಿಲ್ಲ. ಟ್ಯೂಬಿನ ಪಟ್ಟಿ ಬಿಚ್ಚೋಣವೆಂದರೆ ಸಾಹೇಬರಿಗೆ ಎದುರಿಗೇ ಕಾಣುತ್ತದೆ. ಕೊನೆಗೆ ಇಂಜಿನ್ ತಿರುಗಲು ಬಿಟ್ಟು, ಪಂಪಿನ ನಟ್ಟನ್ನು ಎರಡು ಸುತ್ತು ಸಡಿಲಿಸಿ, ಅಂಗಾತ ಮಲಗಿ, ಹನಿ ಬೀಳಲೆಂದು ಕಾದ. ಬೀಳಲಿಲ್ಲ. ಮೂರು ಸುತ್ತು. ನಾಲ್ಕು ಸುತ್ತು. ನಟ್ಟು ಕೈಗೇ ಬಂತು. ವೆಂಕೂಬಾಯಿಯವರ ಬತ್ತಿ ನೀರು ಕುಡಿದು ಉಬ್ಬಿ, ಅಚ್ಚನ್ನು ಕಚ್ಚಿ ಹಿಡಿದು ಕೂತಿತ್ತು. ಒಂದು ಹನಿಯನ್ನೂ ಬಿಡಲಿಲ್ಲ.

ಪಕ್ಕದಲ್ಲಿ ಒಂದು ಕೆಂಪು ಟೋಪಿ ಬಗ್ಗಿತು. ಸಾಹೇಬರು ಗಡಿಗೆಪ್ಪನ ಕೈಯಲ್ಲಿದ್ದ ನಟ್ಟನ್ನು ನೋಡಿದರು, ಒಣಗಿದ ಪಂಪನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ನಟ್ಟು ಇಲ್ಲಾಂದ್ರೂ ಸೋರೂದಿಲ್ಲಂತ ತೋರಸಾಕತ್ತೀರೇನು ನೀವು," ಎಂದರು. "ಇದನ್ನೂ ಬರೀತೀನಿ."

ಬರೆದರು. ಗಡಿಗೆಪ್ಪ ನಟ್ಟನ್ನು ಮತ್ತೆ ಹಾಕಿ ಬಿಗಿದ, ಬೇಕಾದಷ್ಟೇ, ಬತ್ತಿ ಹರಿಯದಂತೆ.

ಲಾರಿ ಗುರುವಾರ ಬೆಳಿಗ್ಗೆ ಹೈದರಾಬಾದಿನ ದಾರಿ ಹಿಡಿದು ಹೋಯಿತು. ಓಡಿಸಿದವನು ಹೊಸ ಡ್ರೈವರ್, ಪಕ್ಕದಲ್ಲಿ ಕೂತವರು ದಸ್ತಗೀರ ಸಾಹೇಬರು. ಶುಕ್ರವಾರ ಗಡಿಗೆಪ್ಪ ಸಾಹುಕಾರರ ಎತ್ತಿನ ಬಂಡಿ ಹೂಡಿಕೊಂಡು, ಹತ್ತಿ ತರಲು ದೇವದುರ್ಗಕ್ಕೆ ಹೋದ.